ಹಾಡುವಾಗ ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಹೋದರೆ ಗಂಟಲು ಬಿಗಿಯುತ್ತದೆ, ಶಾರೀರದ (ಹಾಡುವ ದನಿಯ) ವ್ಯಾಪ್ತಿ ಹೆಚ್ಚಿಸಿಕೊಳ್ಳುವುದು ಹೇಗೆ?

ಮೊದಲು ಶ್ರುತಿ, ಅಂದರೆ ಹಾಡಲು ಆಧಾರವಾಗಿಟ್ಟುಕೊಂಡ 'ಸ', ಸರಿಯಿದೆಯೇ ನೋಡಿಕೊಳ್ಳಿ. ಎಷ್ಟೋ ಮಂದಿ ತಮ್ಮದಲ್ಲದ ಶ್ರುತಿಯಲ್ಲಿ ಹಾಡಿ ಗಂಟಲನ್ನು ದೂರುತ್ತಾರೆ. ಮಂದ್ರ ಪಂಚಮವೂ (ಕೆಳಗಿನ ಸ್ಥಾಯಿಯ 'ಪ') ತಾರ ಪಂಚಮವೂ (ಮೇಲಿನ ಸ್ಥಾಯಿಯ 'ಪ') ಹೆಚ್ಚುಕಡಿಮೆ ಎಟುಕುವ ಶ್ರುತಿ ನಿಮ್ಮದು.

ಸ್ವರ ಏರಿದಂತೆ ಧ್ವನಿತಂತುಗಳು ಎಳೆದುಕೊಂಡು ತೆಳುವಾಗಬೇಕು. ನಾವು ಮಾಡುವುದು ಉಲ್ಟಾ: ಗದ್ದ ಎತ್ತಿ, ಉಸಿರು ನೂಕಿ, ಕೂಗುತ್ತೇವೆ. ಬದಲಿಗೆ ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಏಳಿಸುತ್ತಾ 'ಊ' ಎಂದು ಮಧ್ಯ ಷಡ್ಜದಿಂದ (ನಡುವಿನ ಸ್ಥಾಯಿಯ 'ಸ') ಮೇಲಕ್ಕೆ ಜಾರಿ. ಒತ್ತಡ ಇಳಿದದ್ದು ಗಂಟಲಿಗೇ ಗೊತ್ತಾಗುತ್ತದೆ. ಆಮೇಲೆ ಅದೇ ಹಗುರದಲ್ಲಿ ಸರಳೆ (ಆರಂಭದ ಸ್ವರಪಾಠ) ಹಾಡಿ, ಅಕಾರದಲ್ಲಿ, ಅಂದರೆ ಸ್ವರದ ಹೆಸರಿನ ಬದಲು ಬರೀ 'ಆ' ಎನ್ನುತ್ತಾ.

ಬೆಳಗ್ಗೆ ಮಂದ್ರದ ಸ್ವರಗಳನ್ನು ನಿಧಾನವಾಗಿ, ಒಂದೊಂದರ ಮೇಲೂ ನಿಂತು ಹಾಡುವುದನ್ನು ಬಿಡಬೇಡಿ, ಹಿಂದುಸ್ತಾನಿಯವರು ಅದನ್ನೇ ಖರಜ್ ಎನ್ನುತ್ತಾರೆ. ಒಂದೊಂದು ಸ್ವರ ದಕ್ಕಲು ತಿಂಗಳುಗಳೇ ಬೇಕಾಗಬಹುದು. ನೋವಾದರೆ ಆ ದಿನ ಸಾಕು; ದನಿ ಒಡೆದದ್ದು ಎರಡು-ಮೂರು ವಾರ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.