19ಕ್ಕೇ ಕ್ಯಾಪ್ಟನ್ ಮಾಡಿದರೆ ಹಿರಿಯರು ಮಾತು ಕೇಳ್ತಾರಾ?

ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ 19ರ ಹುಡುಗನಿಗೆ ನಾಯಕತ್ವ ಕೊಡುವುದು ಬರೀ ಪ್ರಚಾರಕ್ಕಾ ಅಂತ ಕೇಳಿದ್ದೀರಿ. ಸ್ವಲ್ಪ ಪ್ರಚಾರವೂ ಇರುತ್ತೆ, ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ.

ಟ್ಯಾಂಪಾ ಬೇ ತಂಡ 2000ದಲ್ಲಿ ವಿನ್ಸೆಂಟ್ ಲೆಕವಾಲಿಯೇಗೆ 19ನೇ ವಯಸ್ಸಿಗೇ ಪಟ್ಟ ಕಟ್ಟಿತು. ಮುಂದಿನ ವರ್ಷವೇ ಕಿತ್ತುಕೊಂಡಿತು! 2004ರಲ್ಲಿ ತಂಡ ಲೀಗ್‌ನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಕ್ಯಾಪ್ಟನ್ ಆಗಿದ್ದವರು 40 ವಯಸ್ಸಿನ ಡೇವ್ ಆಂಡ್ರೆಚಕ್. ಲೆಕವಾಲಿಯೇ ಅದೇ ತಂಡದಲ್ಲಿ ಆಡುತ್ತಿದ್ದರು. 2008ರಲ್ಲಿ ಅವರ ಜೆರ್ಸಿಗೆ ಕ್ಯಾಪ್ಟನ್ ಗುರುತಾದ ‘ಸಿ’ ಅಕ್ಷರ ಮತ್ತೆ ಬಂತು.

ಸಿಡ್ನಿ ಕ್ರಾಸ್ಬಿ ಜಾಣ. 2006-07ರ ಸೀಸನ್ ಮಧ್ಯೆ ಪಿಟ್ಸ್‌ಬರ್ಗ್ ತಂಡ ಕ್ಯಾಪ್ಟನ್ ಆಗು ಅಂತ ಕೇಳಿದಾಗ ಈಗಲೇ ಬೇಡ ಅಂದರು. ಸೀಸನ್ ಮುಗಿದ ಮೇಲೆ ಒಪ್ಪಿಕೊಂಡರು, ಆಗಲೂ ವಯಸ್ಸು 19 ಅಷ್ಟೇ. 2009ರಲ್ಲಿ ಕಪ್ ಎತ್ತಿದರು.

ಕಾನರ್ ಮೆಕ್‌ಡೇವಿಡ್ 2016ರಲ್ಲಿ ಎಡ್ಮಂಟನ್ ಕ್ಯಾಪ್ಟನ್ ಆದಾಗ ಇವರಿಬ್ಬರಿಗಿಂತಲೂ ಚಿಕ್ಕವರು. ಆ ಸೀಸನ್‌ನಲ್ಲೇ ತಂಡ 2006ರ ನಂತರ ಮೊದಲ ಸಲ ಪ್ಲೇಆಫ್ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು) ಮುಟ್ಟಿತು.

ನನ್ನ ಪ್ರಕಾರ ಹಿರಿಯರು ವಯಸ್ಸು ನೋಡಲ್ಲ, ಪ್ರಾಕ್ಟೀಸ್‌ನಲ್ಲಿ ಹುಡುಗ ಎಷ್ಟು ಬೆವರು ಸುರಿಸ್ತಾನೆ ಅಂತ ನೋಡ್ತಾರೆ. ಜೊತೆಗೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಅವನ ಬೆನ್ನಿಗೆ ನಿಲ್ಲೋ ಇಬ್ಬರು ಹಿರಿಯ ಉಪನಾಯಕರು ಬೇಕೇ ಬೇಕು. ನಿಮ್ಮ ತಂಡದಲ್ಲಿ ಅಂಥವರು ಇದ್ದಾರಾ?