ಇಂಗ್ಲೆಂಡಿನ ಹಳೇ ಪಬ್ ಚೆನ್ನಾಗಿ ದುರಸ್ತಿಯಾಗಿದೆ ಅಂತ ಗುರುತಿಸುವುದು ಹೇಗೆ?

ಮುಂದಿನ ತಿಂಗಳು ಇಂಗ್ಲೆಂಡಿಗೆ ಬರುತ್ತಿದ್ದೀರಿ. ಹಳೇ ಪಬ್‌ಗಳಲ್ಲಿ ನಿಜವಾಗಿ ಜೋಪಾನ ಮಾಡಿದ್ದು ಯಾವುದು, ಸುಮ್ನೆ ಹಳೇದರ ವೇಷ ಹಾಕಿದ್ದು ಯಾವುದು ಅಂತ ಕೇಳಿದ್ದೀರಿ. ನಾನು ಆರ್ಕಿಟೆಕ್ಟ್ ಅಲ್ಲ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಅರ್ಧ ಪಿಂಟ್ ಬಿಯರ್ ಇಟ್ಟುಕೊಂಡು ಎರಡು ಗಂಟೆ ಗೋಡೆ ನೋಡುತ್ತಾ ಕೂರುವ ಜಾತಿ.

ಗೋಡೆಗೆ ನೇತುಹಾಕಿದ್ದನ್ನು ನಂಬಬೇಡಿ. ಹಳೇ ಫೋಟೊ, ಹಿತ್ತಾಳೆ ಸಾಮಾನು, ಯಾರೂ ಓದದ ಪುಸ್ತಕಗಳು ದುಡ್ಡು ಕೊಟ್ಟರೆ ಲೋಡ್‌ಗಟ್ಟಲೆ ಸಿಗುತ್ತವೆ. ಗೋಡೆ ಮೊದಲಿದ್ದ ಕಡೆಯೇ ಇದೆಯಾ ನೋಡಿ.

ಹಿಂದೆ ಪಬ್ ಒಳಗೆ ಕೂಲಿಯವರಿಗೆ ಪಬ್ಲಿಕ್ ಬಾರ್, ಅನುಕೂಲಸ್ಥರಿಗೆ ಸಲೂನ್ ಬಾರ್, ಯಾರ ಕಣ್ಣಿಗೂ ಬೀಳಬಾರದು ಅನ್ನುವವರಿಗೆ ಸ್ನಗ್ ಅನ್ನುವ ಪುಟ್ಟ ಕೋಣೆ ಇರುತ್ತಿದ್ದವು. ನಮ್ಮ ಹೋಟೆಲ್‌ಗಳ ಫ್ಯಾಮಿಲಿ ರೂಮ್ ಇದ್ದ ಹಾಗೆ. ಆಮೇಲೆ ಅಡ್ಡಗೋಡೆ ಒಡೆದು ಎಲ್ಲವನ್ನೂ ಒಂದೇ ಹಾಲ್ ಮಾಡುವ ಕಾಲ ಬಂತು. ನಮ್ಮ ಬೀದಿ ಕೊನೆಯ ಪಬ್‌ಗೂ ಮೂರು ವರ್ಷದ ಹಿಂದೆ ಅದೇ ಗತಿ. ಸ್ನಗ್ ಹೋಯಿತು, ದೊಡ್ಡ ಟಿವಿ ಬಂತು. ಮರದ ನೆಲದಲ್ಲಿ ಹಳೇ ಗೋಡೆಯ ಗೆರೆ ಇನ್ನೂ ಕಾಣುತ್ತದೆ.

ಇದಕ್ಕೆ ತದ್ವಿರುದ್ಧ ಲಂಡನ್ನಿನ ಹೋಲ್ಬರ್ನ್‌ನಲ್ಲಿರುವ ಪ್ರಿನ್ಸೆಸ್ ಲೂಯಿಸ್ ಪಬ್. ಒಳಾಂಗಣ 1891ರದ್ದು. ಕಿತ್ತುಹೋಗಿದ್ದ ಅಡ್ಡಗೋಡೆಗಳನ್ನು 2007-08ರಲ್ಲಿ ಮತ್ತೆ ಕಟ್ಟಿದರು. ಮರದ ಚೌಕಟ್ಟು, ಅದರ ಮೇಲೆ ಚಿತ್ತಾರ ಕೊರೆದ ಗಾಜು. ಪಕ್ಕದ ಗೂಡಿನಲ್ಲಿ ಕೂತವರ ಮುಖ ಕಾಣುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಜಾಗ ಕಡಿಮೆ ಆಗುತ್ತದೆ ಅಂತ ಗೊತ್ತಿದ್ದೂ ಗೋಡೆ ವಾಪಸ್ ತಂದಿದ್ದಾರಲ್ಲ, ನನಗೆ ಅದೇ ಇಷ್ಟ.

ಬೇರೆ ಕಟ್ಟಡ ಪಬ್ ಆಗಿದ್ದರೆ, ಅದು ಮೊದಲು ಏನಾಗಿತ್ತು ಅಂತ ಬೋರ್ಡ್ ಓದದೆ ಹೇಳುವಂತಿರಬೇಕು. ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನ ಓಲ್ಡ್ ಬ್ಯಾಂಕ್ ಆಫ್ ಇಂಗ್ಲೆಂಡ್ ಅನ್ನುವ ಪಬ್ 1975ರವರೆಗೆ ನಿಜಕ್ಕೂ ಬ್ಯಾಂಕ್ ಶಾಖೆ. ಒಳಗೆ ಕಾಲಿಟ್ಟು ತಲೆ ಎತ್ತಿದರೆ ಸಾಕು, ಇಷ್ಟು ಎತ್ತರದ ಛಾವಣಿ ಬಿಯರ್‌ಗೋಸ್ಕರ ಕಟ್ಟಿದ್ದಲ್ಲ ಅಂತ ಗೊತ್ತಾಗುತ್ತದೆ. ಶೆಫೀಲ್ಡ್ ಕಡೆ ಹೋದರೆ ರೈಲು ನಿಲ್ದಾಣದಲ್ಲೇ ಶೆಫೀಲ್ಡ್ ಟ್ಯಾಪ್ ಇದೆ. 1904ರ ಉಪಾಹಾರ ಕೋಣೆ, ವರ್ಷಗಟ್ಟಲೆ ಹಾಳುಬಿದ್ದಿತ್ತು. 2009ರಲ್ಲಿ ಟೈಲ್ಸ್ ಉಳಿಸಿಕೊಂಡು ತೆರೆದರು. ರೈಲು ತಡವಾದರೆ ಬೇಜಾರೇ ಆಗಲ್ಲ!

ಪ್ರಶಸ್ತಿ ಪಡೆದದ್ದನ್ನೇ ಹುಡುಕಬೇಕಾ ಅಂತಲೂ ಕೇಳಿದ್ದೀರಿ. ಕ್ಯಾಮ್ರಾ ಅನ್ನುವ ಬಿಯರ್ ಪ್ರಿಯರ ಸಂಘ ಪಬ್ ವಿನ್ಯಾಸಕ್ಕೆ ಬಹುಮಾನ ಕೊಡುತ್ತದೆ. ಹೊಸ ಕಟ್ಟಡ, ಪರಿವರ್ತನೆ, ನವೀಕರಣ, ಸಂರಕ್ಷಣೆ ಎಲ್ಲಕ್ಕೂ ಬೇರೆ ಬೇರೆ. ಯೋಗ್ಯವಾದದ್ದು ಸಿಗದ ವರ್ಷ ಆ ವಿಭಾಗವನ್ನು ಖಾಲಿ ಬಿಟ್ಟದ್ದೂ ಉಂಟು. ಹಾಗಾಗಿ ಆ ಪಟ್ಟಿಯನ್ನು ನಂಬಬಹುದು.

ಇನ್ನೊಂದು ವಿಚಿತ್ರ ಕೇಸ್ ಇದೆ, ಲಂಡನ್ನಿನ ಮೈಡಾ ವೇಲ್‌ನ ಕಾರ್ಲ್‌ಟನ್ ಟ್ಯಾವರ್ನ್ ಅನ್ನುವ ಪಬ್. 2015ರಲ್ಲಿ ಮಾಲೀಕರು ಅನುಮತಿ ಇಲ್ಲದೆ ಕೆಡವಿಬಿಟ್ಟರು. ಇದ್ದ ಹಾಗೇ ವಾಪಸ್ ಕಟ್ಟಿ ಅಂತ ಆದೇಶವಾಯಿತು, 2021ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇದನ್ನು ಹಳೇದು ಅನ್ನಬೇಕಾ, ಹೊಸದು ಅನ್ನಬೇಕಾ? ನೀವೇ ನೋಡಿ ಹೇಳಿ.

ಪ್ರಿನ್ಸೆಸ್ ಲೂಯಿಸ್‌ಗೆ ಮಾತ್ರ ಶುಕ್ರವಾರ ಸಂಜೆ ಹೋಗಬೇಡಿ, ನಿಲ್ಲುವುದಕ್ಕೂ ಜಾಗ ಇರಲ್ಲ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಒಂದು ಗೂಡು ಪೂರ್ತಿ ನಿಮ್ಮದೇ ಆದರೂ ಆದೀತು.