ಮಗ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವನು), ಮೊಣಕೈ ಸ್ವಲ್ಪ ನೋವು ಅಂತಾನೆ. ಮೈನರ್ ಲೀಗ್‌ಗೆ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಕಳಿಸಲಾ, ಮಾಸ್ಟರ್ಸ್ ಮಾಡಿಸಲಾ? ಆಟ ಕೈಕೊಟ್ಟರೆ ಮ್ಯಾನೇಜರ್ ಆಗಬಹುದಲ್ವಾ?

ಸರ್, ನಿಮ್ಮ ಪ್ರಶ್ನೆ ಉದ್ದ ಇದೆ. ನಾನು ಓದುತ್ತಾ ನಿಂತಿದ್ದು ಒಂದೇ ಸಾಲಿನ ಹತ್ತಿರ. ‘ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ತಿರುಗುವ ಎಸೆತ) ಎಸೆದಾಗ ಮಾತ್ರ ನೋಯುತ್ತಂತೆ, ಸ್ಕೌಟ್‌ಗೆ (ತಂಡಕ್ಕೆ ಆಟಗಾರರನ್ನು ಹುಡುಕುವವರು) ಈಗಲೇ ಹೇಳುವುದು ಬೇಡ ಅಂದುಕೊಂಡಿದ್ದೇವೆ’ ಅಂತ ಬರೆದಿದ್ದೀರಿ. 2006ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ.

ನಾನು ಹತ್ತು ವರ್ಷದವರೆಗೆ ಅರಸೀಕೆರೆಯಲ್ಲಿ ಬೆಳೆದು, ಅಪ್ಪನ ಕೆಲಸಕ್ಕಾಗಿ ನ್ಯೂಜೆರ್ಸಿಗೆ ಬಂದವನು. ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವಾಗ ‘ಇವನು ಕೈ ಮಡಚಿ ಎಸೀತಾನೆ’ ಅಂತ ಯಾರೂ ಬೌಲಿಂಗ್ ಕೊಡುತ್ತಿರಲಿಲ್ಲ. ಇಲ್ಲಿ ಅದೇ ಕೈಗೆ ಚೆಂಡು ಕೊಟ್ಟು, ಇನ್ನೂ ಜೋರಾಗಿ ಎಸಿ ಅಂದರು. ಆ ಖುಷಿ ಇವತ್ತಿಗೂ ಮೈಯಲ್ಲಿದೆ. ಕಾಲೇಜು ಮುಗಿದಾಗ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಹೆಸರು ಬರಲಿಲ್ಲ, ಆದರೂ ಒಂದು ತಂಡ ಸಹಿ ಹಾಕಿಸಿಕೊಂಡಿತು. ತಿಂಗಳಿಗೆ 850 ಡಾಲರ್, ಅದೂ ಸೀಸನ್ ನಡೆಯುವಾಗ ಮಾತ್ರ. ಆರು ಜನ ಹುಡುಗರು ಒಂದು ಮನೆಯಲ್ಲಿ ಮಲಗುತ್ತಿದ್ದೆವು.

ಮೂರನೇ ವರ್ಷ, ಮಾರ್ಚ್ ತಿಂಗಳ ಸ್ಪ್ರಿಂಗ್ ಟ್ರೈನಿಂಗ್, ಅಂದರೆ ಸೀಸನ್‌ಗೆ ಮುಂಚಿನ ತರಬೇತಿ. ಸ್ಲೈಡರ್ ಬಿಟ್ಟಾಗ ಮೊಣಕೈಯ ಒಳಬದಿಯಲ್ಲಿ ಚುಳ್ ಅಂತಿತ್ತು. ಅಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದಿಡುವ ಸಣ್ಣ ಲಿಗಮೆಂಟ್ ಇದೆ, ಯುಸಿಎಲ್ ಅಂತಾರೆ. ಪ್ರತಿ ಎಸೆತದ ಎಳೆತ ಬೀಳುವುದು ಅದರ ಮೇಲೆ. ಟ್ರೈನರ್ ದಿನಾ ಬೆಳಗ್ಗೆ ‘ಕೈ ಹೇಗಿದೆ?’ ಅಂತ ಕೇಳುತ್ತಿದ್ದರು. ದಿನಾ ‘ಚೆನ್ನಾಗಿದೆ’ ಅಂದೆ. ಐದು ವಾರ ಹೀಗೇ ನಡೆಯಿತು. ಪ್ರಾಕ್ಟೀಸ್‌ನಲ್ಲಿ ಸ್ಲೈಡರ್ ಎಸೆಯುವುದನ್ನೇ ಬಿಟ್ಟೆ, ಯಾರಿಗೂ ಅನುಮಾನ ಬರಲಿಲ್ಲ. ಆಟದ ದಿನ ಮಧ್ಯಾಹ್ನ ಎರಡು ಐಬುಪ್ರೊಫೇನ್ ನುಂಗುತ್ತಿದ್ದೆ. ಆಮೇಲೆ ನೋವು ತಪ್ಪಿಸಲು ಕೈಯನ್ನು ಒಂದು ಗೇಣು ಕೆಳಗಿಳಿಸಿ ಎಸೆಯಲು ಶುರು ಮಾಡಿದೆ. ಇದನ್ನು ಬಿಡಿಸಿ ಹೇಳಲೇಬೇಕು. ಎಸೆಯುವ ರೀತಿ ಬದಲಾದಾಗ ಮೊಣಕೈ ಉಳಿಯಲೂ ಇಲ್ಲ, ಅದುವರೆಗೆ ಗಟ್ಟಿಯಾಗಿದ್ದ ಭುಜವೂ ಸವೆಯತೊಡಗಿತು. ನೋವಿನ ಮಾತ್ರೆ ನೋವನ್ನು ಮುಚ್ಚಿತ್ತು, ಹರಿಯುತ್ತಿದ್ದುದು ಹರಿಯುತ್ತಲೇ ಇತ್ತು. ಆಗ ಡಬಲ್-ಎಗೆ (ಮೈನರ್ ಲೀಗ್‌ನಲ್ಲಿ ಮೇಲಿನಿಂದ ಎರಡನೇ ಹಂತ) ಹೋಗಲು ಒಂದೇ ಜಾಗ ಖಾಲಿ ಇತ್ತು. ಬಾಯಿ ಬಿಟ್ಟರೆ ಅದು ಇನ್ನೊಬ್ಬನಿಗೆ ಹೋಗುತ್ತೆ ಅನ್ನೋದು ಬಿಟ್ಟು ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಏಪ್ರಿಲ್‌ನಲ್ಲಿ, ಅದಕ್ಕಿಂತ ಕೆಳಗಿನ ಮಿಡ್‌ವೆಸ್ಟ್ ಲೀಗ್‌ನ ಒಂದು ರಾತ್ರಿ, ಕೊರೆಯುವ ಚಳಿ, ಎರಡನೇ ಇನಿಂಗ್ಸ್. ಸ್ಲೈಡರ್ ಎಸೆದೆ. ಒಳಗೆ ದಾರ ಕಿತ್ತ ಹಾಗಾಯಿತು, ಕಿರುಬೆರಳು ಮತ್ತು ಪಕ್ಕದ ಬೆರಳು ಮರಗಟ್ಟಿದವು. ಎಂಆರ್‌ಐ ನೋಡಿದ ಡಾಕ್ಟರು, ಇದು ಮೊದಲು ಸ್ವಲ್ಪ ಹರಿದಿತ್ತು, ಆಗಲೇ ಬಂದಿದ್ದರೆ ಎರಡು ಮೂರು ತಿಂಗಳು ಚೆಂಡು ಮುಟ್ಟಿಸದೆ ನೋಡಬಹುದಿತ್ತು ಅಂದರು.

ಆಪರೇಷನ್ ಮಾಡಿಸಿದರೆ ಸರಿ ಹೋಗುತ್ತಲ್ವಾ ಅಂತ ನೀವು ಕೇಳಬಹುದು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲ ಸಲ ಯುಸಿಎಲ್ ಸರಿಪಡಿಸುವ ಈ ಆಪರೇಷನ್ ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಅವರು 1976ರಲ್ಲಿ ಮೈದಾನಕ್ಕೆ ಮರಳಿ, ಆಮೇಲೆ 164 ಪಂದ್ಯ ಗೆದ್ದರು. ನಾನೂ ಅದನ್ನೇ ಮಾಡಿಸಿಕೊಂಡು ಹದಿನಾಲ್ಕು ತಿಂಗಳ ನಂತರ ಮರಳಿದಾಗ ಗಂಟೆಗೆ 93 ಮೈಲಿ ಇದ್ದ ವೇಗ 88ಕ್ಕೆ ಇಳಿದಿತ್ತು. ಭುಜವೂ ಕೈಕೊಟ್ಟಿತು. 2008ರ ಮಾರ್ಚ್‌ನಲ್ಲಿ ಬೆಳಗ್ಗೆ ಏಳಕ್ಕೆ ಆಫೀಸಿಗೆ ಕರೆದು ಬಿಡುಗಡೆಯ ಕಾಗದ ಕೊಟ್ಟರು.

ಇನ್ನು ‘ಮ್ಯಾನೇಜರ್ ಆಗಬಹುದಲ್ವಾ’ ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ ಸರ್. ಮ್ಯಾನೇಜರ್ ಅಂದರೆ ಇಲ್ಲಿ ತಂಡ ನಡೆಸುವ ಮುಖ್ಯ ಕೋಚ್. ಆಟ ಹೋದವನಿಗೆ ಕಾದಿಟ್ಟ ಕುರ್ಚಿ ಅಲ್ಲ ಅದು. ನಾನು ಪಿಚಿಂಗ್ ಕೋಚ್‌ಗೆ ಸಹಾಯಕನಾಗಿ, ಆಮೇಲೆ ಕೋಚ್ ಆಗಿ ಒಂಬತ್ತು ವರ್ಷ ದುಡಿದ ಮೇಲೆ ಕೆಳಗಿನ ಲೀಗ್‌ನ ಒಂದು ತಂಡ ಕೈಗೆ ಬಂತು. ಪಿಚರ್‌ಗಳಿಗೆ ಈ ಕೆಲಸ ಸಿಗುವುದೇ ಕಡಿಮೆ. ಹೆಚ್ಚಾಗಿ ಹಳೆಯ ಕ್ಯಾಚರ್‌ಗಳಿಗೆ, ಇನ್‌ಫೀಲ್ಡರ್‌ಗಳಿಗೆ ಹೋಗುತ್ತದೆ. ಪಿಚರ್ ಆಗಿದ್ದೂ ಹೆಸರಾಂತ ಮ್ಯಾನೇಜರ್ ಆದವರು ಟಾಮಿ ಲಸೋರ್ಡಾ. 1955ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಮೊದಲ ಸಲ ಪಂದ್ಯ ಆರಂಭಿಸಿದಾಗ ಒಂದೇ ಇನಿಂಗ್ಸ್‌ನಲ್ಲಿ ಮೂರು ವೈಲ್ಡ್ ಪಿಚ್ (ಹಿಡಿಯಲಾಗದಷ್ಟು ದಿಕ್ಕು ತಪ್ಪಿದ ಎಸೆತ) ಹಾಕಿದರು. ಮೇಜರ್ ಲೀಗ್‌ನಲ್ಲಿ ಒಂದೂ ಗೆಲುವಿಲ್ಲ, ನಾಲ್ಕು ಸೋಲು. ಆಮೇಲೆ ಸ್ಕೌಟ್ ಕೆಲಸ, 1965ರಿಂದ ಪೋಕಟೆಲೊ, ಆಗ್ಡನ್, ಸ್ಪೊಕೇನ್, ಆಲ್ಬುಕರ್ಕಿ ಅಂತ ಎಂಟು ವರ್ಷ ಮೈನರ್ ಲೀಗ್ ತಂಡಗಳ ಮ್ಯಾನೇಜರ್ ಕೆಲಸ. ಡಾಡ್ಜರ್ಸ್ ಮ್ಯಾನೇಜರ್ ಆಗಿದ್ದು 1976ರಲ್ಲಿ. ಅಷ್ಟು ವರ್ಷ ಬಸ್ಸಿನಲ್ಲಿ ಕೂರುವ ಆಸೆ ನಿಮ್ಮ ಮಗನಿಗೆ ಇದೆಯಾ, ಅವನನ್ನೇ ಕೇಳಿ.

ಈ ಕೆಲಸದಲ್ಲಿ ಯಾವ ಹುಡುಗ ಎಷ್ಟು ಎಸೆತ ಹಾಕಬೇಕು ಅನ್ನೋದು ಮೇಲಿನಿಂದ ಬರುತ್ತದೆ. ಗೆಲ್ಲಬೇಕು ಅಂತ ಇನ್ನೂ ಇಪ್ಪತ್ತು ಹಾಕಿಸುವ ಹಾಗಿಲ್ಲ. ನನ್ನ ಕೈಯಲ್ಲಿರುವುದು ಹುಡುಗರ ಮುಖ ನೋಡುವುದು. ಒಮ್ಮೆ ಹತ್ತೊಂಬತ್ತು ವರ್ಷದ ಡೊಮಿನಿಕನ್ ಹುಡುಗ, ಎಲ್ಲರೂ ಹೋದ ಮೇಲೆ ನನ್ನ ಕೋಣೆಯ ಬಾಗಿಲಲ್ಲಿ ನಿಂತ. ನಾನು ಸ್ಪ್ಯಾನಿಷ್‌ನಲ್ಲಿ ‘ಸ್ಲೈಡರ್‌ಗಾ?’ ಅಂದೆ. ಅತ್ತುಬಿಟ್ಟ. ಎರಡೂವರೆ ತಿಂಗಳು ಚೆಂಡು ಮುಟ್ಟಿಸಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಅವನೇ ನಮ್ಮ ಮೊದಲ ಪಂದ್ಯ ಆರಂಭಿಸಿದ.

ಹೇಳಿದರೆ ಸಹಿ ಹಾಕಿಸುವುದಿಲ್ಲ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಪಿಚರ್ ಕುಮಾರ್ ರಾಕರ್ ಗೊತ್ತಲ್ವಾ, ತಾಯಿ ಕಡೆಯಿಂದ ನಮ್ಮ ದೇಶದ ಮೂಲದವರು. 2021ರಲ್ಲಿ ಮೆಟ್ಸ್ ತಂಡ ಡ್ರಾಫ್ಟ್‌ನಲ್ಲಿ 10ನೆಯವರಾಗಿ ಆರಿಸಿ, ವೈದ್ಯಕೀಯ ತಪಾಸಣೆಯ ನಂತರ ಸಹಿ ಹಾಕಿಸಲಿಲ್ಲ. 2022ರಲ್ಲಿ ನಿಮ್ಮ ಟೆಕ್ಸಸ್‌ನ ರೇಂಜರ್ಸ್ 3ನೆಯವರಾಗಿ ಆರಿಸಿತು. ಅವರು ದೊಡ್ಡ ಹೆಸರು, ನಿಮ್ಮ ಮಗನಿಗೆ ಎರಡನೇ ಅವಕಾಶ ಸಿಗದೇ ಇರಬಹುದು, ಅದು ನಿಜ. ಆದರೂ ಹೇಳಿ. ದುಡ್ಡಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2023ರ ಒಪ್ಪಂದದ ಮೇಲೆ ಡಬಲ್-ಎ ಸಂಬಳ ವರ್ಷಕ್ಕೆ 13,800ರಿಂದ 30,250 ಡಾಲರ್‌ಗೆ ಏರಿತು. ನಮ್ಮ ಕಾಲದ ಹಾಗಿಲ್ಲ. ಮಾಸ್ಟರ್ಸ್ ಎರಡು ವರ್ಷ ತಡವಾದರೂ ಸಿಗುತ್ತದೆ.

ಈ ವಾರವೇ ಮೊಣಕೈ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸ್ಕೌಟ್‌ಗೆ ಫೋನ್ ಮಾಡುವುದು ಮಾತ್ರ ನೀವಲ್ಲ, ಅವನೇ ಮಾಡಲಿ. ಎಂಆರ್‌ಐ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.